ಗರಗರ ಅನ್ನುವ ಡೆಸ್ಕ್‌ಟಾಪ್: ಫ್ಯಾನ್ ಮತ್ತು ಎಸ್‌ಎಂಪಿಎಸ್ ನಾವೇ ಬದಲಿಸುವುದು ಹೇಗೆ

ಬೆಳಿಗ್ಗೆ ಕಂಪ್ಯೂಟರ್ ಆನ್ ಮಾಡಿದ ಕೂಡಲೇ ಗರ್ರ್ ಅನ್ನುತ್ತದೆ, ಹತ್ತು ನಿಮಿಷ ಬಿಟ್ಟರೆ ತಾನಾಗೇ ಕಮ್ಮಿಯಾಗುತ್ತದೆ. ಶುರುವಾಗುವುದು ಹೀಗೇ. ಫ್ಯಾನಿನ ಅಚ್ಚು ತಿರುಗುವ ಬೇರಿಂಗ್‌ನಲ್ಲಿ ಉಳಿದಿರುವ ಒಂಚೂರು ಎಣ್ಣೆ ಬಿಸಿಯಾಗಿ ಹರಡುವ ತನಕ ಗಲಾಟೆ, ಆಮೇಲೆ ಶಾಂತಿ. ಕೆಲವು ತಿಂಗಳು ಕಳೆದರೆ ಆ ಹತ್ತು ನಿಮಿಷ ಅರ್ಧ ಗಂಟೆಯಾಗುತ್ತದೆ, ಕೊನೆಗೆ ದಿನವಿಡೀ ಅದೇ ಸದ್ದು.

ನಮ್ಮ ಮನೆಯಲ್ಲಿ ಕಂಪ್ಯೂಟರ್ ಇರುವುದು ಹಾಲ್‌ನಲ್ಲಿ. ಅಮ್ಮ ಮಲಗುವುದೂ ಅಲ್ಲೇ, ದಿವಾನ್ ಮೇಲೆ. ಒಂದು ರಾತ್ರಿ ಅಮ್ಮ ಎದ್ದು ಕೂತು "ಏನೋ ಅದು, ಹಿಟ್ಟಿನ ಗಿರಣಿ ಪಕ್ಕ ಮಲಗಿದ ಹಾಗಿದೆಯಲ್ಲೋ" ಅಂದರು. ಮಾರನೇ ದಿನ ಅದನ್ನು ಹೊತ್ತುಕೊಂಡು ರಿಪೇರಿ ಅಂಗಡಿಗೆ ಹೋದೆ. ಅವರು ಪ್ರೊಸೆಸರ್ ಮೇಲಿನ ಫ್ಯಾನ್ ಬದಲಿಸಿ ದುಡ್ಡು ತಗೊಂಡರು. ಮನೆಗೆ ತಂದು ಆನ್ ಮಾಡಿದರೆ ಅದೇ ಗರಗರ. ಸದ್ದು ಬರುತ್ತಿದ್ದದ್ದು ಎಸ್‌ಎಂಪಿಎಸ್‌ನಿಂದ, ಅಂದರೆ ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ ಹಾಗೆ ಬದಲಿಸಿ ಕೊಡುವ ಡಬ್ಬದಿಂದ. ಪ್ರೊಸೆಸರ್ ಫ್ಯಾನ್ ಚೆನ್ನಾಗಿಯೇ ಇತ್ತು. ಅದಕ್ಕೇ ನಾನು ಯಾರಿಗೇ ಹೇಳಿದರೂ ಮೊದಲು ಹೇಳುವುದು ಇದನ್ನೇ: ಸದ್ದು ಮಾಡುತ್ತಿರುವುದು ಯಾವುದು ಅಂತ ಖಚಿತವಾಗುವ ತನಕ ಒಂದು ಪೈಸೆಯ ಸಾಮಾನೂ ಕೊಳ್ಳಬೇಡಿ.

ಮೊದಲು ಕಳ್ಳನನ್ನು ಹಿಡಿಯಿರಿ

ಕ್ಯಾಬಿನೆಟ್‌ನ ಪಕ್ಕದ ಬಾಗಿಲು ತೆಗೆಯಿರಿ. ಎದುರಿಂದ ನೋಡಿದಾಗ ಸಾಮಾನ್ಯವಾಗಿ ಎಡಗಡೆಯದು, ಹಿಂದೆ ಎರಡು ಸ್ಕ್ರೂ ಇರುತ್ತವೆ. ಹಳೇ ದಿನಪತ್ರಿಕೆಯ ಎರಡು ಹಾಳೆಯನ್ನು ಕೊಳವೆ ಥರ ಸುತ್ತಿ. ಒಂದು ತುದಿ ಕಿವಿಗೆ, ಇನ್ನೊಂದು ತುದಿ ಒಂದೊಂದು ಫ್ಯಾನ್ ಹತ್ತಿರ. ಫ್ಯಾನಿಗೆ ತಾಗಿಸಬೇಡಿ, ಎರಡು ಬೆರಳು ದೂರ ಇರಲಿ. ಇದು ಆಟ ಅನ್ನಿಸಬಹುದು, ಆದರೆ ಡಬ್ಬದ ಒಳಗೆ ಸದ್ದು ನಾಲ್ಕೂ ಕಡೆ ಬಡಿದು ಬರುವುದರಿಂದ ಬರೀ ಕಿವಿಗೆ ಜಾಗ ಗೊತ್ತಾಗುವುದಿಲ್ಲ, ಕೊಳವೆ ಇಟ್ಟರೆ ತಕ್ಷಣ ಗೊತ್ತಾಗುತ್ತದೆ.

ಅನುಮಾನ ಉಳಿದರೆ ಕಂಪ್ಯೂಟರ್ ಆಫ್ ಮಾಡಿ, ಕ್ಯಾಬಿನೆಟ್ ಫ್ಯಾನ್‌ಗಳ ಪಿನ್ ಒಂದೊಂದಾಗಿ ಕಿತ್ತು, ಪ್ರತಿ ಸಲ ಆನ್ ಮಾಡಿ ಕೇಳಿ. ಕ್ಯಾಬಿನೆಟ್ ಫ್ಯಾನ್ ಐದು ನಿಮಿಷ ತಿರುಗದಿದ್ದರೆ ಏನೂ ಆಗುವುದಿಲ್ಲ. ಪ್ರೊಸೆಸರ್ ಫ್ಯಾನನ್ನು ಮಾತ್ರ ಹಾಗೆ ಕೀಳಬೇಡಿ. ಅದರ ನಡುವಿನ ಸ್ಟಿಕ್ಕರ್ ಇರುವ ಜಾಗವನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ಎರಡು ಮೂರು ಸೆಕೆಂಡ್ ನಿಲ್ಲಿಸಿ ನೋಡಿ. ರೆಕ್ಕೆಗೆ ಬೆರಳು ಕೊಡಬೇಡಿ, ಚರ್ಮ ಸುಲಿಯುತ್ತದೆ. ಎಲ್ಲವೂ ನಿಂತಾಗಲೂ ಸದ್ದು ಉಳಿದರೆ ಎಸ್‌ಎಂಪಿಎಸ್ ಅಥವಾ ಹಾರ್ಡ್ ಡಿಸ್ಕ್. ಡೆಸ್ಕ್‌ಟಾಪ್‌ನ ಹಾರ್ಡ್ ಡಿಸ್ಕ್ ಸಾಮಾನ್ಯವಾಗಿ ನಿಮಿಷಕ್ಕೆ 7200 ಸುತ್ತು ತಿರುಗುತ್ತದೆ, ಅಂದರೆ ಸೆಕೆಂಡಿಗೆ 120. ಅದಕ್ಕೇ ಒಂದೇ ಶ್ರುತಿಯ ಗುಂಯ್ ಅನ್ನುವ ನಾದ ಇರುತ್ತದೆ, ಕ್ಯಾಬಿನೆಟ್ ಮೇಲೆ ಕೈಯಿಟ್ಟರೆ ನಡುಗುವುದೂ ತಿಳಿಯುತ್ತದೆ. ಅದಕ್ಕೆ ಫ್ಯಾನ್ ಬದಲಿಸಿ ಪ್ರಯೋಜನ ಇಲ್ಲ. ಸ್ಕ್ರೂ ಬಿಗಿ ಮಾಡಿ, ರಬ್ಬರ್ ವಾಷರ್ ಹಾಕಿ, ಆಗದಿದ್ದರೆ ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿ ಹಾಕಿಸಿ.

ಇನ್ನೊಂದು ಸದ್ದಿದೆ, ಕಿಂಯ್ ಅಂತ ಸಣ್ಣ ದನಿಯಲ್ಲಿ, ಪುಟ ಸ್ಕ್ರೋಲ್ ಮಾಡಿದರೆ ಅಥವಾ ಗೇಮ್ ತೆರೆದರೆ ದನಿ ಬದಲಾಗುತ್ತದೆ. ಅದು ಗ್ರಾಫಿಕ್ಸ್ ಕಾರ್ಡ್ ಅಥವಾ ಎಸ್‌ಎಂಪಿಎಸ್ ಒಳಗಿನ ತಂತಿ ಸುರುಳಿ ಕಂಪಿಸುವ ಸದ್ದು. ಫ್ಯಾನಿಗೂ ಅದಕ್ಕೂ ಸಂಬಂಧ ಇಲ್ಲ.

ಧೂಳು ಮತ್ತು ಒಂದು ಹನಿ ಎಣ್ಣೆ

ನಮ್ಮದು ಮುಖ್ಯರಸ್ತೆ ಪಕ್ಕದ ಮನೆ. ಪ್ರೊಸೆಸರ್ ಫ್ಯಾನ್ ಎತ್ತಿ ನೋಡಿದಾಗ ಅದರ ಕೆಳಗೆ, ಬಿಸಿ ಹೀರುವ ಲೋಹದ ಹೀಟ್‌ಸಿಂಕ್ ಮೇಲೆ, ಬೂದು ಬಣ್ಣದ ಒಂದು ಕಂಬಳಿಯೇ ಕೂತಿತ್ತು. ಉಗುರಲ್ಲಿ ಎತ್ತಿದರೆ ಇಡೀ ಚಕ್ಕೆ ಒಂದೇ ತುಂಡಾಗಿ ಬಂತು, ರೊಟ್ಟಿ ಹಂಚಿನಿಂದ ಎದ್ದ ಹಾಗೆ. ಗಾಳಿ ಆಡುವುದಕ್ಕೆ ದಾರಿಯೇ ಇಲ್ಲದಿದ್ದರೆ ಬಿಸಿ ಏರುತ್ತದೆ, ಬಿಸಿ ಏರಿದರೆ ಮದರ್‌ಬೋರ್ಡ್ ಫ್ಯಾನಿನ ವೇಗ ಏರಿಸುತ್ತದೆ. ಎಷ್ಟೋ ಸಲ ಫ್ಯಾನ್ ಸರಿಯಾಗಿಯೇ ಇರುತ್ತದೆ, ಪಾಪ ಅದು ಉಸಿರು ಕಟ್ಟಿ ಓಡುತ್ತಿರುತ್ತದೆ ಅಷ್ಟೇ.

ಪ್ಲಗ್ ಕಿತ್ತು, ಬಾಲ್ಕನಿಗೆ ತಂದು, ಮೆತ್ತನೆ ಪೇಂಟ್ ಬ್ರಷ್ ಮತ್ತು ಬ್ಲೋವರ್‌ನಿಂದ ಶುಚಿ ಮಾಡಿ. ಗಾಳಿ ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಹಿಡಿದಿರಿ. ಸುಮ್ನೆ ಬಿಟ್ಟರೆ ಅದು ತನ್ನ ಮಿತಿ ಮೀರಿ ಗಿರಗಿರ ತಿರುಗಿ ಬೇರಿಂಗ್ ಹಾಳಾಗುತ್ತದೆ.

ಎಣ್ಣೆ ಬಿಡಬಹುದಾ ಅಂತ ಎಲ್ಲರೂ ಕೇಳುತ್ತಾರೆ. ಬಿಡಬಹುದು, ಕೆಲವು ವಾರವೋ ತಿಂಗಳೋ ತಳ್ಳುವುದಕ್ಕೆ. ಫ್ಯಾನಿನ ಹಿಂದಿನ ಸ್ಟಿಕ್ಕರ್ ಅರ್ಧ ಎತ್ತಿ, ಅಡಿಯಲ್ಲಿ ರಬ್ಬರ್ ಮುಚ್ಚಳ ಇದ್ದರೆ ತೆಗೆದು, ಹೊಲಿಗೆ ಮಿಷನ್ ಎಣ್ಣೆ ಒಂದೇ ಹನಿ. ಕೊಬ್ಬರಿ ಎಣ್ಣೆ ಬೇಡ, ಚಳಿಗಾಲದ ಬೆಳಿಗ್ಗೆ ಅದು ಗಟ್ಟಿಯಾಗುತ್ತದೆ, ಆಮೇಲೆ ಧೂಳಿನ ಜೊತೆ ಸೇರಿ ಅಂಟಾಗುತ್ತದೆ. ತುಕ್ಕು ಬಿಡಿಸುವ ಸ್ಪ್ರೇ ಕೂಡ ಬೇಡ. ಅದು ಬೇಗ ಆರಿಹೋಗುತ್ತದೆ, ಹೋಗುವಾಗ ಇದ್ದಬದ್ದ ಜಿಡ್ಡನ್ನೂ ತೊಳೆದುಕೊಂಡು ಹೋಗುತ್ತದೆ. ಒಂದು ಸಲ ಗರಗರ ಶುರುವಾದ ಫ್ಯಾನಿನ ಬೇರಿಂಗ್ ಸವೆದಿರುತ್ತದೆ. ಎಣ್ಣೆ ಹೊಸ ಫ್ಯಾನ್ ಬರುವ ತನಕ ಸುಧಾರಿಸುವುದಕ್ಕೆ ಮಾತ್ರ.

ಹೊಸ ಫ್ಯಾನ್ ಕೊಳ್ಳುವ ಮುಂಚೆ

ಅಳತೆ ತೆಗೆಯುವಾಗ ಸ್ಕ್ರೂ ತೂತಿನಿಂದ ತೂತಿಗೆ ಅಳೆಯಬೇಡಿ, ಚೌಕಟ್ಟಿನ ಅಂಚಿನಿಂದ ಅಂಚಿಗೆ ಅಳೆಯಿರಿ. 120 ಮಿಮೀ ಫ್ಯಾನಿನ ತೂತುಗಳ ನಡುವೆ ಇರುವುದು 105 ಮಿಮೀ ಮಾತ್ರ, 80 ಮಿಮೀ ಫ್ಯಾನಿನಲ್ಲಿ 71.5. ಇದು ಗೊತ್ತಿಲ್ಲದೆ ತುಂಬಾ ಜನ ತಪ್ಪು ಗಾತ್ರ ತರುತ್ತಾರೆ. ಚಾಲ್ತಿಯಲ್ಲಿರುವ ಗಾತ್ರಗಳು 80, 92, 120 ಮತ್ತು 140. ದಪ್ಪ ಸಾಮಾನ್ಯವಾಗಿ 25 ಮಿಮೀ. ಕ್ಯಾಬಿನೆಟ್‌ನಲ್ಲಿ ಜಾಗ ಇದ್ದರೆ ದೊಡ್ಡದನ್ನೇ ಹಾಕಿ. ದೊಡ್ಡ ಫ್ಯಾನ್ ನಿಧಾನವಾಗಿ ತಿರುಗಿಯೂ ಅಷ್ಟೇ ಗಾಳಿ ದೂಡುತ್ತದೆ.

ಇಲ್ಲಿ ಒಂದು ಲೆಕ್ಕ ತಿಳಿದಿದ್ದರೆ ಒಳ್ಳೆಯದು. ಫ್ಯಾನಿನ ವೇಗ ಅರ್ಧ ಮಾಡಿದರೆ ಗಾಳಿಯೂ ಸರಿಸುಮಾರು ಅರ್ಧ ಆಗುತ್ತದೆ, ಆದರೆ ಸದ್ದು ಹತ್ತಿರ ಹತ್ತಿರ 15 ಡೆಸಿಬೆಲ್ ಇಳಿಯುತ್ತದೆ. ಅದೇ ಥರದ ಇನ್ನೊಂದು ಫ್ಯಾನ್ ಪಕ್ಕದಲ್ಲಿ ಸೇರಿಸಿದರೆ ಏರುವುದು ಬರೀ 3 ಡೆಸಿಬೆಲ್. ಹಾಗಾಗಿ ಒಂದೇ ಫ್ಯಾನನ್ನು ಜೋರಾಗಿ ಓಡಿಸುವ ಬದಲು ಎರಡನ್ನು ನಿಧಾನವಾಗಿ ಓಡಿಸಿದರೆ ಗಾಳಿ ಅಷ್ಟೇ, ಸದ್ದು ತುಂಬಾ ಕಡಿಮೆ. ನಾನು ಎದುರುಗಡೆ ಎರಡು, ಹಿಂದೆ ಒಂದು ಹಾಕಿದ್ದೇನೆ, ಮೂರೂ 120. ದಿನದ ಕೆಲಸಕ್ಕೆ 700 ಸುತ್ತಿನ ಮೇಲೆ ಹೋಗುವುದೇ ಇಲ್ಲ.

ಬೇರಿಂಗ್ ವಿಷಯದಲ್ಲಿ ಕಂಜೂಸ್ ಆಗಬೇಡಿ. ತೀರಾ ಅಗ್ಗದ ಫ್ಯಾನ್‌ಗಳಲ್ಲಿ ಸ್ಲೀವ್ ಬೇರಿಂಗ್ ಇರುತ್ತದೆ, ಹೊಸದರಲ್ಲಿ ಸದ್ದೇ ಇರುವುದಿಲ್ಲ. ಆದರೆ ಬಿಸಿಗೆ ಎಣ್ಣೆ ಆರಿದ ಮೇಲೆ ಕಥೆ ಶುರು. ಅದನ್ನು ಕ್ಯಾಬಿನೆಟ್ ಮೇಲ್ಭಾಗದಲ್ಲಿ ಮಲಗಿಸಿ ಹಾಕಿದರೆ ಇನ್ನೂ ಬೇಗ ಸವೆಯುತ್ತದೆ. ಬಾಲ್ ಬೇರಿಂಗ್ ಬಾಳಿಕೆ ಜಾಸ್ತಿ, ಮೊದಲ ದಿನದಿಂದಲೇ ಸಣ್ಣ ಸದ್ದು ಇರುತ್ತದೆ. ಮನೆಗೆ ಫ್ಲೂಯಿಡ್ ಡೈನಾಮಿಕ್ ಬೇರಿಂಗ್ (ಎಣ್ಣೆಯ ಪದರದ ಮೇಲೆ ಅಚ್ಚು ತಿರುಗುವ ಬಗೆ) ಇರುವುದು ನನ್ನ ಆಯ್ಕೆ. ಆರ್ಕ್ಟಿಕ್ ಕಂಪನಿಯ ಪಿ12, ಆಸ್ಟ್ರಿಯಾದ ನಾಕ್ಚುವಾ ಕಂಪನಿಯ ಫ್ಯಾನ್‌ಗಳು ಈ ಬಗೆಯವು. ಎರಡನೆಯದು ದುಬಾರಿ, ಮೊದಲನೆಯದರಲ್ಲೇ ನನ್ನ ಕೆಲಸ ನಡೆದಿದೆ. ಬೆಂಗಳೂರಿನಲ್ಲಿದ್ದರೆ ಎಸ್.ಪಿ. ರೋಡ್‌ನಲ್ಲಿ ಹತ್ತು ಅಂಗಡಿ ಸುತ್ತಿದರೆ ಸಿಗುತ್ತದೆ. ಬಣ್ಣದ ಲೈಟ್ ಇರುವುದನ್ನೇ ಮುಂದೆ ಮಾಡುತ್ತಾರೆ, ಲೈಟ್ ಬೇಡ, ಒಳ್ಳೆ ಬೇರಿಂಗ್ ಇರುವುದು ಬೇಕು ಅಂತ ಬಾಯಿ ಬಿಟ್ಟು ಕೇಳಿ.

ಪಿನ್ ನೋಡಿ. 3 ಪಿನ್‌ನಲ್ಲಿ ಒಂದು ಗ್ರೌಂಡ್, ಒಂದು 12 ವೋಲ್ಟ್, ಒಂದು ವೇಗ ತಿಳಿಸುವ ತಂತಿ. 4 ಪಿನ್‌ನಲ್ಲಿ ಇದರ ಜೊತೆ ವೇಗ ನಿಯಂತ್ರಿಸುವ ಪಿಡಬ್ಲ್ಯೂಎಂ ತಂತಿ ಇರುತ್ತದೆ. 4 ಪಿನ್ ಫ್ಯಾನ್ ತಗೊಳ್ಳಿ. 3 ಪಿನ್ ಫ್ಯಾನ್ 4 ಪಿನ್ ಜಾಗಕ್ಕೆ ಕೂರುತ್ತದೆ, ಆದರೆ ಬಯೋಸ್‌ನಲ್ಲಿ (ಮದರ್‌ಬೋರ್ಡಿನ ಸೆಟ್ಟಿಂಗ್ ಪುಟ, ಕೊನೆಯಲ್ಲಿ ಹೇಳುತ್ತೇನೆ) ಡಿಸಿ ಅಂತ ಆರಿಸದಿದ್ದರೆ ಯಾವಾಗಲೂ ಪೂರ್ತಿ ವೇಗದಲ್ಲೇ ಓಡುತ್ತಿರುತ್ತದೆ. ನೇರವಾಗಿ ಎಸ್‌ಎಂಪಿಎಸ್‌ನ ದೊಡ್ಡ ಮೋಲೆಕ್ಸ್ ಪಿನ್‌ಗೆ ಹಾಕುವ ಫ್ಯಾನ್ ಕೂಡ ಹಾಗೇ, ಅದಕ್ಕೆ ಕಡಿವಾಣವೇ ಇಲ್ಲ.

ಹಾಕುವ ಮುಂಚೆ ಗಾಳಿಯ ದಿಕ್ಕು ನೋಡಿಕೊಳ್ಳಿ. ಫ್ಯಾನಿನ ಯಾವ ಕಡೆ ಮೋಟರ್ ಹಿಡಿದಿರುವ ನಾಲ್ಕು ಕಡ್ಡಿಗಳಿವೆಯೋ ಸಾಮಾನ್ಯವಾಗಿ ಆ ಕಡೆಗೆ ಗಾಳಿ ಹೊರಬರುತ್ತದೆ. ಕೆಲವು ಚೌಕಟ್ಟಿನ ಮೇಲೆ ಬಾಣದ ಗುರುತೂ ಇರುತ್ತದೆ. ಎದುರಿನಿಂದ ತಣ್ಣನೆ ಗಾಳಿ ಒಳಗೆ, ಹಿಂದಿನಿಂದ ಮತ್ತು ಮೇಲಿನಿಂದ ಬಿಸಿ ಗಾಳಿ ಹೊರಗೆ. ಫ್ಯಾನಿನ ಜೊತೆ ಬರುವ ದಪ್ಪ ಎಳೆಯ ಸ್ಕ್ರೂಗಳು ಪ್ಲಾಸ್ಟಿಕ್ಕನ್ನು ಕೊರೆದುಕೊಂಡು ಒಳಗೆ ಹೋಗುತ್ತವೆ, ಅದಕ್ಕೇ ಮೊದಲ ಸಲ ತುಂಬಾ ಗಟ್ಟಿ ಅನ್ನಿಸುತ್ತದೆ. ನಾಲ್ಕನ್ನೂ ಮೊದಲು ಅರ್ಧ ತಿರುಗಿಸಿ, ಆಮೇಲೆ ಮೂಲೆಯಿಂದ ಎದುರು ಮೂಲೆಗೆ ಬಿಗಿ ಮಾಡಿ. ಪೆಟ್ಟಿಗೆಯಲ್ಲಿ ರಬ್ಬರ್ ಮೊಳೆ ಕೊಟ್ಟಿದ್ದರೆ ಸ್ಕ್ರೂ ಬಿಟ್ಟು ಅದನ್ನೇ ಬಳಸಿ, ತಗಡಿಗೆ ನಡುಕ ದಾಟುವುದಿಲ್ಲ.

ಪ್ರೊಸೆಸರ್ ಫ್ಯಾನ್ ಆದರೆ

ಪ್ರೊಸೆಸರ್ ಜೊತೆ ಬಂದ ಕೂಲರ್‌ನಲ್ಲಿ, ಅಂದರೆ ಫ್ಯಾನ್ ಮತ್ತು ಹೀಟ್‌ಸಿಂಕ್ ಜೋಡಿಯಲ್ಲಿ, ಫ್ಯಾನ್ ಒಂದನ್ನೇ ಬದಲಿಸುವುದು ಕಷ್ಟ, ಸರಿಯಾದ ಬಿಡಿಭಾಗ ಸಿಗುವುದಿಲ್ಲ. ಇಡೀ ಕೂಲರ್ ಬದಲಿಸುವುದೇ ಸುಲಭ. ಇಂಟೆಲ್‌ನದಾದರೆ ನಾಲ್ಕು ಮೂಲೆಯಲ್ಲಿ ಪ್ಲಾಸ್ಟಿಕ್ ಗೂಟಗಳಿರುತ್ತವೆ. ತಲೆ ಮೇಲಿನ ಬಾಣದ ದಿಕ್ಕಿಗೆ ಕಾಲು ಸುತ್ತು ತಿರುಗಿಸಿ ಮೇಲಕ್ಕೆಳೆದರೆ ಬಿಡುತ್ತವೆ. ಎಎಂಡಿಯ ಎಎಂ4 ಬೋರ್ಡ್ ಆದರೆ ಹುಷಾರು. ಪ್ರೊಸೆಸರಿನ ಬಿಸಿಯನ್ನು ಕೂಲರಿಗೆ ದಾಟಿಸುವ ಪೇಸ್ಟ್ ಗಟ್ಟಿಯಾಗಿ ಅಂಟಿದ್ದರೆ ಕೂಲರ್ ಎತ್ತಿದಾಗ ಅದರ ಜೊತೆ ಪ್ರೊಸೆಸರೂ ಕಿತ್ತು ಬಂದು ಪಿನ್ ಬಾಗುತ್ತದೆ. ಹತ್ತು ಹದಿನೈದು ನಿಮಿಷ ಕಂಪ್ಯೂಟರ್ ಓಡಿಸಿ ಬಿಸಿ ಮಾಡಿ, ಆಫ್ ಮಾಡಿ ಪ್ಲಗ್ ಕಿತ್ತು, ಕೂಲರನ್ನು ಎಡಕ್ಕೆ ಬಲಕ್ಕೆ ಮೆಲ್ಲಗೆ ತಿರುಚಿ ಸಡಿಲವಾದ ಮೇಲೆ ಮಾತ್ರ ಎತ್ತಿ.

ಹಳೇ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಬಟ್ಟೆಯಲ್ಲಿ ಪೂರ್ತಿ ಒರೆಸಿ, ನಡುವೆ ಬಟಾಣಿ ಗಾತ್ರದಷ್ಟು ಹೊಸದು ಹಾಕಿ. ಹರಡುವ ಅಗತ್ಯ ಇಲ್ಲ, ಕೂಲರ್ ಒತ್ತಿದಾಗ ತಾನೇ ಹರಡುತ್ತದೆ. ಕೊಳ್ಳುವ ಮುಂಚೆ ನಿಮ್ಮ ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಸಾಕೆಟ್‌ನ ಹೆಸರು ನೋಡಿಕೊಳ್ಳಿ. ಇಂಟೆಲ್‌ನ ಎಲ್‌ಜಿಎ 1200ರ ತೂತುಗಳ ಅಂತರ 75 ಮಿಮೀ, ಎಲ್‌ಜಿಎ 1700ರದು 78. ಮೂರೇ ಮಿಲಿಮೀಟರ್, ಆದರೂ ಕೂರುವುದಿಲ್ಲ.

ಎಸ್‌ಎಂಪಿಎಸ್

ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಎಸ್‌ಎಂಪಿಎಸ್ ಬಿಚ್ಚಿ ಅದರೊಳಗಿನ ಫ್ಯಾನ್ ಮಾತ್ರ ಬದಲಿಸಿಕೊಡುವವರು ಇದ್ದಾರೆ, ನೀವು ಮಾತ್ರ ಮಾಡಬೇಡಿ. ನಮ್ಮ 230 ವೋಲ್ಟ್ ಕರೆಂಟು ಒಳಗೆ ಹೋಗಿ ಡಿಸಿ ಆದಾಗ ಸುಮಾರು 325 ವೋಲ್ಟ್ ಆಗುತ್ತದೆ, ಆಕ್ಟಿವ್ ಪಿಎಫ್‌ಸಿ (ಗೋಡೆಯಿಂದ ಕರೆಂಟನ್ನು ಹದವಾಗಿ ಎಳೆಯುವ ಸರ್ಕ್ಯೂಟ್) ಇರುವುದರಲ್ಲಿ 400ರ ಹತ್ತಿರ. ಅದನ್ನು ತುಂಬಿಕೊಂಡ ದೊಡ್ಡ ಕೆಪಾಸಿಟರ್ ಪ್ಲಗ್ ಕಿತ್ತ ಮೇಲೂ ಚಾರ್ಜ್ ಹಿಡಿದಿರಬಹುದು. ಒಂದು ಫ್ಯಾನಿಗಾಗಿ ಜೀವ ಪಣಕ್ಕಿಡುವುದು ಬೇಡ. ಅದೂ ಅಲ್ಲದೆ ಫ್ಯಾನ್ ಸವೆಯುವಷ್ಟು ವರ್ಷ ಓಡಿದ ಎಸ್‌ಎಂಪಿಎಸ್‌ನಲ್ಲಿ ಕೆಪಾಸಿಟರ್‌ಗಳೂ ಮುದಿಯಾಗಿರುತ್ತವೆ. ಇಡೀ ಡಬ್ಬವನ್ನೇ ಬದಲಿಸಿ.

ಕ್ಯಾಬಿನೆಟ್ ಜೊತೆ ಪುಕ್ಕಟೆ ಬರುವ ಎಸ್‌ಎಂಪಿಎಸ್ ಯಾಕೆ ಅಷ್ಟು ಸದ್ದು ಮಾಡುತ್ತದೆ ಗೊತ್ತಾ? ಕಂಪ್ಯೂಟರಿಗೆ 200 ವ್ಯಾಟ್ ಬೇಕು ಅಂದುಕೊಳ್ಳಿ. ದಕ್ಷತೆ ನೂರಕ್ಕೆ 75 ಇದ್ದರೆ ಗೋಡೆಯಿಂದ ಎಳೆಯುವುದು ಸುಮಾರು 267 ವ್ಯಾಟ್, ಅಂದರೆ 67 ವ್ಯಾಟ್ ಆ ಡಬ್ಬದೊಳಗೇ ಬಿಸಿಯಾಗುತ್ತದೆ. ನೂರಕ್ಕೆ 90 ಇದ್ದರೆ ಎಳೆಯುವುದು 222, ಬಿಸಿ ಬರೀ 22. ಮೂರನೇ ಒಂದು ಪಾಲು. ಬಿಸಿಯೇ ಇಲ್ಲದಿದ್ದರೆ ಫ್ಯಾನ್ ಜೋರಾಗಿ ತಿರುಗುವ ಕೆಲಸವೇ ಇಲ್ಲ. ಪೆಟ್ಟಿಗೆ ಮೇಲಿನ 80 ಪ್ಲಸ್ ಗುರುತು ಇದನ್ನೇ ಹೇಳುವುದು. 115 ವೋಲ್ಟ್ ಪರೀಕ್ಷೆಯಲ್ಲಿ ಅರ್ಧ ಲೋಡ್ ಇದ್ದಾಗ ಬ್ರಾಂಜ್‌ಗೆ ನೂರಕ್ಕೆ 85, ಗೋಲ್ಡ್‌ಗೆ 90 ಇರಲೇಬೇಕು. ಸದ್ದು ಕಡಿಮೆ ಬೇಕಾದವರು ಗೋಲ್ಡ್ ತಗೊಳ್ಳಿ, ಕೊಟ್ಟ ದುಡ್ಡಿಗೆ ಮೋಸ ಇಲ್ಲ. ಈ ಗುರುತು ದಕ್ಷತೆಯದು ಮಾತ್ರ, ಸದ್ದಿನದಲ್ಲ, ಹಾಗಾಗಿ ಫ್ಯಾನ್ 120 ಮಿಮೀ ಅಥವಾ ಅದಕ್ಕಿಂತ ದೊಡ್ಡದಿದೆಯಾ ಅಂತಲೂ ನೋಡಿ.

ವ್ಯಾಟ್ ಎಷ್ಟು? ಗ್ರಾಫಿಕ್ಸ್ ಕಾರ್ಡ್ ಇಲ್ಲದ ಸಾಮಾನ್ಯ ಆಫೀಸು ಕೆಲಸದ ಕಂಪ್ಯೂಟರಿಗೆ ಒಳ್ಳೆ ಕಂಪನಿಯ 450 ಧಾರಾಳ. ಕಾರ್ಡ್ ಇದ್ದರೆ ಕಾರ್ಡ್ ತಯಾರಿಸಿದವರು ಹೇಳಿರುವ ಸಂಖ್ಯೆ ನೋಡಿ, ಅದಕ್ಕಿಂತ ಒಂದು ಮೆಟ್ಟಿಲು ಮೇಲಿನದು ತಗೊಳ್ಳಿ. ಎಸ್‌ಎಂಪಿಎಸ್ ತನ್ನ ಶಕ್ತಿಯ ಅರ್ಧದಷ್ಟರಲ್ಲಿ ಓಡುವಾಗ ತಣ್ಣಗಿರುತ್ತದೆ, ಸುಮ್ಮನಿರುತ್ತದೆ.

ಗಾತ್ರ ಮರೆಯಬೇಡಿ. ಮಾಮೂಲಿ ಎಟಿಎಕ್ಸ್ ಎಸ್‌ಎಂಪಿಎಸ್ ಅಗಲ 150 ಮಿಮೀ, ಎತ್ತರ 86. ಉದ್ದ ಮಾತ್ರ 140ರಿಂದ ಮೇಲಕ್ಕೆ ಬೇರೆ ಬೇರೆ ಇರುತ್ತದೆ, ನಿಮ್ಮ ಕ್ಯಾಬಿನೆಟ್‌ನಲ್ಲಿ ಎಷ್ಟು ಜಾಗ ಇದೆ ಅಂತ ಟೇಪ್ ಹಿಡಿದು ನೋಡಿ. ಡೆಲ್, ಎಚ್‌ಪಿಯ ಆಫೀಸು ಡೆಸ್ಕ್‌ಟಾಪ್‌ಗಳನ್ನು ಸೆಕೆಂಡ್ ಹ್ಯಾಂಡ್ ತಗೊಂಡವರು ಇನ್ನೂ ಎಚ್ಚರವಾಗಿರಬೇಕು. ಅವುಗಳಲ್ಲಿ ಅನೇಕ ಮಾಡೆಲ್‌ಗಳ ಎಸ್‌ಎಂಪಿಎಸ್ ಆಕಾರವೂ ಬೇರೆ, ಮದರ್‌ಬೋರ್ಡ್ ಪಿನ್ನೂ ಬೇರೆ. ಅಂಥದಕ್ಕೆ ಅದೇ ಮಾಡೆಲ್ ನಂಬರಿನ ಎಸ್‌ಎಂಪಿಎಸ್ ಹುಡುಕುವುದೇ ದಾರಿ.

ಇನ್ನು ಯುಪಿಎಸ್. ಆಕ್ಟಿವ್ ಪಿಎಫ್‌ಸಿ ಇರುವ ಹೊಸ ಎಸ್‌ಎಂಪಿಎಸ್ ಹಾಕಿದ ಮೇಲೆ, ಕರೆಂಟು ಹೋದಾಗ ಯುಪಿಎಸ್ ಇದ್ದೂ ಕಂಪ್ಯೂಟರ್ ಫಟ್ ಅಂತ ಆಫ್ ಆಗುವುದುಂಟು. ಅಗ್ಗದ ಯುಪಿಎಸ್ ಬ್ಯಾಟರಿಯಿಂದ ಕೊಡುವುದು ಮೆಟ್ಟಿಲು ಮೆಟ್ಟಿಲಾದ ಅಲೆ, ಶುದ್ಧ ಸೈನ್ ಅಲೆ ಅಲ್ಲ, ಅದನ್ನು ಕೆಲವು ಎಸ್‌ಎಂಪಿಎಸ್ ಸಹಿಸುವುದಿಲ್ಲ. ಹಾಕಿದ ದಿನವೇ ಗೋಡೆಯ ಸ್ವಿಚ್ ಆಫ್ ಮಾಡಿ ಒಮ್ಮೆ ಪರೀಕ್ಷಿಸಿ, ಮುಖ್ಯವಾದ ಕೆಲಸ ತೆರೆದಿಟ್ಟುಕೊಂಡು ಬೇಡ.

ಬಿಚ್ಚುವುದು ಹೀಗೆ. ಪ್ಲಗ್ ಕಿತ್ತು, ಪವರ್ ಬಟನ್ ಐದು ಸೆಕೆಂಡ್ ಒತ್ತಿ ಹಿಡಿಯಿರಿ, ಬೋರ್ಡಿನಲ್ಲಿ ಉಳಿದ ಕರೆಂಟು ಇಳಿಯುತ್ತದೆ. ಕ್ಯಾಬಿನೆಟ್‌ನ ಬಣ್ಣವಿಲ್ಲದ ತಗಡು ಮುಟ್ಟಿ. ಮೊಬೈಲ್‌ನಲ್ಲಿ ನಾಲ್ಕಾರು ಫೋಟೋ ತೆಗೆಯಿರಿ, ಪ್ರತಿ ಪಿನ್ನೂ ಕಾಣುವ ಹಾಗೆ. ಮದರ್‌ಬೋರ್ಡಿಗೆ ಹೋಗುವ 24 ಪಿನ್‌ನ ದೊಡ್ಡ ಕನೆಕ್ಟರ್ ಬಿಗಿಯಾಗಿರುತ್ತದೆ. ಪಕ್ಕದ ಕೊಕ್ಕೆ ಒತ್ತಿ ಹಿಡಿದು, ಒಂದು ಕೈಯಲ್ಲಿ ಬೋರ್ಡ್ ಅಂಚು ಆತು, ಅತ್ತಿತ್ತ ಅಲ್ಲಾಡಿಸುತ್ತಾ ಎಳೆಯಿರಿ. ತಂತಿ ಹಿಡಿದು ಎಳೆಯಬೇಡಿ. ಆಮೇಲೆ ಪ್ರೊಸೆಸರ್ ಪಕ್ಕದ 4 ಅಥವಾ 8 ಪಿನ್, ಗ್ರಾಫಿಕ್ಸ್ ಕಾರ್ಡ್, ಡಿಸ್ಕ್‌ಗಳು. ಹಿಂದಿನ ನಾಲ್ಕು ಸ್ಕ್ರೂ ಬಿಚ್ಚುವಾಗ ಒಳಗಿಂದ ಒಂದು ಕೈ ಕೊಟ್ಟಿರಿ, ಮೇಲ್ಗಡೆ ಇರುವ ಎಸ್‌ಎಂಪಿಎಸ್ ದಬಕ್ಕನೆ ಬೋರ್ಡ್ ಮೇಲೆ ಬೀಳಬಾರದು ಅಲ್ವಾ.

ಹೊಸದನ್ನು ಕೂರಿಸುವಾಗ, ಕೆಳಗೆ ಕೂರುವ ಕ್ಯಾಬಿನೆಟ್ ಆಗಿದ್ದು ತಳದಲ್ಲಿ ಜಾಲರಿ ಇದ್ದರೆ ಫ್ಯಾನ್ ಕೆಳಮುಖ. ಜಾಲರಿ ಇಲ್ಲದಿದ್ದರೆ ಮೇಲ್ಮುಖ. ಪ್ರೊಸೆಸರಿನ 8 ಪಿನ್ನೂ ಗ್ರಾಫಿಕ್ಸ್ ಕಾರ್ಡಿನ 8 ಪಿನ್ನೂ ನೋಡುವುದಕ್ಕೆ ಅಣ್ಣತಮ್ಮಂದಿರ ಹಾಗೆ, ಆದರೆ ಒಂದರ ಜಾಗಕ್ಕೆ ಇನ್ನೊಂದು ಹೋಗಬಾರದು. ಮೇಲೆ ಬರೆದಿರುವುದನ್ನು ಓದಿ, ಬಲ ಹಾಕಿ ತುರುಕಬೇಡಿ. ತಂತಿಗಳನ್ನು ಬಿಡಿಸಿ ತೆಗೆಯಬಹುದಾದ ಮಾಡ್ಯುಲರ್ ಎಸ್‌ಎಂಪಿಎಸ್ ಆದರೆ ಹಳೇ ತಂತಿಯನ್ನು ಹೊಸದಕ್ಕೆ ಯಾವ ಕಾರಣಕ್ಕೂ ಹಾಕಬೇಡಿ. ಡಬ್ಬದ ಕಡೆಯ ಪಿನ್ ಜೋಡಣೆ ಕಂಪನಿಯಿಂದ ಕಂಪನಿಗೆ, ಕೆಲವು ಸಲ ಮಾಡೆಲ್‌ನಿಂದ ಮಾಡೆಲ್‌ಗೆ ಬೇರೆ ಇರುತ್ತದೆ. ಸಲೀಸಾಗಿ ಕೂರುತ್ತದೆ, ಆನ್ ಮಾಡಿದ ಕ್ಷಣ ಹಾರ್ಡ್ ಡಿಸ್ಕ್ ಸುಟ್ಟು ಹೋಗುತ್ತದೆ, ಅದರಲ್ಲಿರುವ ಫೋಟೋಗಳ ಸಮೇತ. ಹಿಂದೆ 115/230 ಅನ್ನುವ ಕೆಂಪು ಸ್ವಿಚ್ ಇರುವ ಮಾಡೆಲ್ ಆದರೆ ಅದು 230ರಲ್ಲೇ ಇರಬೇಕು.

ಆನ್ ಮಾಡಿದಾಗ ಎಸ್‌ಎಂಪಿಎಸ್ ಫ್ಯಾನ್ ತಿರುಗದೇ ಇದ್ದರೆ ಗಾಬರಿ ಬೇಡ. ಎಷ್ಟೋ ಗೋಲ್ಡ್ ಮಾಡೆಲ್‌ಗಳಲ್ಲಿ ಲೋಡ್ ಕಮ್ಮಿ ಇರುವಾಗ ಫ್ಯಾನ್ ನಿಂತೇ ಇರುತ್ತದೆ. ಪೆಟ್ಟಿಗೆ ಮೇಲೆ ಹಾಗೆ ಬರೆದಿರುತ್ತಾರೆ, ನೋಡಿಕೊಳ್ಳಿ.

ಕೊನೆಗೆ ಬಯೋಸ್

ಹೊಸ ಫ್ಯಾನ್ ಹಾಕಿ ಇಲ್ಲಿ ಕೈಯಾಡಿಸದಿದ್ದರೆ ಅರ್ಧ ಕೆಲಸ ಬಾಕಿ. ಆನ್ ಮಾಡುವಾಗ ಡಿಲೀಟ್ ಅಥವಾ ಎಫ್2 ಒತ್ತಿ ಒಳಗೆ ಹೋಗಿ, ಫ್ಯಾನ್ ಸೆಟ್ಟಿಂಗ್ ಹುಡುಕಿ. 4 ಪಿನ್‌ಗೆ ಪಿಡಬ್ಲ್ಯೂಎಂ, 3 ಪಿನ್‌ಗೆ ಡಿಸಿ. ಆಮೇಲೆ ಬಿಸಿ ಮತ್ತು ವೇಗದ ಗೆರೆ. ನಾನು ಇಟ್ಟಿರುವುದು 50 ಡಿಗ್ರಿ ತನಕ ನೂರಕ್ಕೆ 30, 70ಕ್ಕೆ 60, 80 ದಾಟಿದರೆ ಪೂರ್ತಿ. ಬ್ರೌಸರ್ ತೆರೆದ ಕೂಡಲೇ ವುಂಯ್ ಅಂತ ಏರಿ ತಕ್ಷಣ ಇಳಿಯುವ ಕಾಟ ಇದ್ದರೆ, ವೇಗ ಏರುವ ಮುಂಚೆ ಕೆಲವು ಸೆಕೆಂಡ್ ಕಾಯುವ ಆಯ್ಕೆ ಅದೇ ಪುಟದಲ್ಲಿರುತ್ತದೆ, ಅದನ್ನು ಹೆಚ್ಚಿಸಿ. ನಿಜ ಹೇಳಬೇಕೆಂದರೆ ಒಂದೇ ಸಮನೆ ಬರುವ ಸದ್ದಿಗಿಂತ ಏರಿ ಇಳಿಯುವ ಸದ್ದೇ ನಿದ್ದೆ ಕೆಡಿಸುವುದು.

ಹೊಸ ಫ್ಯಾನ್ ತೀರಾ ನಿಧಾನ ತಿರುಗುವುದರಿಂದ ಕೆಲವು ಬೋರ್ಡ್‌ಗಳು ಸಿಪಿಯು ಫ್ಯಾನ್ ಎರರ್ ಅಂತ ನಿಲ್ಲುತ್ತವೆ. ಫ್ಯಾನ್ ಕೆಟ್ಟಿಲ್ಲ. ಕನಿಷ್ಠ ವೇಗದ ಮಿತಿಯನ್ನು ಅಲ್ಲೇ ಇಳಿಸಿ. ವಿಂಡೋಸ್‌ನಲ್ಲಿ ಬಿಸಿ ತೋರಿಸುವ ಹೆಚ್‌ಡಬ್ಲ್ಯೂಇನ್ಫೋ ಅನ್ನುವ ಸಾಫ್ಟ್‌ವೇರ್ ಹಾಕಿಕೊಂಡು ಒಂದು ಅರ್ಧ ಗಂಟೆ ಭಾರದ ಕೆಲಸ ಕೊಟ್ಟು ಪ್ರೊಸೆಸರ್ ಬಿಸಿ ನೋಡಿ, ಲಿನಕ್ಸ್‌ನವರಿಗೆ ಸೆನ್ಸರ್ಸ್ ಅನ್ನುವ ಆದೇಶ ಸಾಕು. ಈ ಪರೀಕ್ಷೆ ಸೆಕೆಯ ಮಧ್ಯಾಹ್ನ ಮಾಡಿ, ಬಾಗಿಲು ಮುಚ್ಚಿದ ಕ್ಯಾಬಿನೆಟ್‌ನಲ್ಲಿ ಮಾಡಿ. ಡಿಸೆಂಬರ್ ರಾತ್ರಿ ಸರಿ ಇದ್ದದ್ದು ಏಪ್ರಿಲ್‌ನಲ್ಲಿ ಸರಿ ಇರುತ್ತದೆ ಅಂತ ಹೇಳುವ ಹಾಗಿಲ್ಲ.

ಹಳೇ ಎಸ್‌ಎಂಪಿಎಸ್ ಮಕ್ಕಳ ಕೈಗೆ ಸಿಗದ ಹಾಗೆ ಇಡಿ, ಒಳಗೇನಿದೆ ಅಂತ ಬಿಚ್ಚುವುದಕ್ಕೆ ಬಿಡಬೇಡಿ. ಅದರ ತಂತಿಗಳನ್ನು ಅದಕ್ಕೇ ಕಟ್ಟಿ, ಕಸದ ಗಾಡಿಗೆ ಹಾಕದೆ ಇ-ತ್ಯಾಜ್ಯ ತಗೊಳ್ಳುವವರಿಗೆ ಕೊಡಿ.